ಪಾಳಿ ಕೆಲಸ, ಉಪವಾಸ, ನಿದ್ದೆ: ಹೊಸಪೇಟೆ ಸೀಮೆಯ ರಮಝಾನ್

ರಮಝಾನಿನ ಚರಿತ್ರೆ ಬರೆಯುವವರು ಬದ್ರ್‌ನಿಂದ ಆರಂಭಿಸುವುದು ವಾಡಿಕೆ. ಉಪವಾಸ ಕಡ್ಡಾಯವಾದ ಹಿಜರಿ 2ನೇ ವರ್ಷದಲ್ಲೇ, ಅಂದರೆ ಕ್ರಿ.ಶ. 624ರಲ್ಲಿ, ರಮಝಾನ್ 17ರಂದು ಆ ಯುದ್ಧ ನಡೆಯಿತು. ಆದರೆ ಕೂಲಿನಾಲಿ ಮಾಡಿ ಬದುಕುವವರ ಕಡೆಯಿಂದ ನೋಡಿದರೆ ಆರಂಭದ ಆ ದಿನಗಳ ಇನ್ನೊಂದು ಘಟನೆ ನಮಗೆ ಹೆಚ್ಚು ಹತ್ತಿರದ್ದಾಗಿ ಕಾಣುತ್ತದೆ. ಬರಾ ಬಿನ್ ಆಝಿಬ್(ರ) ವರದಿ ಮಾಡಿದ, ಬುಖಾರಿಯಲ್ಲಿ ದಾಖಲಾಗಿರುವ ಆ ಪ್ರಸಂಗ ಮದೀನಾದ ಅನ್ಸಾರಿಗಳಲ್ಲೊಬ್ಬರಾದ ಖೈಸ್ ಬಿನ್ ಸಿರ್ಮಾ(ರ) ಅವರದು. ಆಗಿನ್ನೂ ನಿಯಮ ಬಿಗಿಯಾಗಿತ್ತು. ಸೂರ್ಯ ಮುಳುಗಿದ ಮೇಲೆ ಉಪವಾಸ ಬಿಡಬಹುದಿತ್ತು. ಆದರೆ ಉಣ್ಣುವ ಮೊದಲೇ ನಿದ್ದೆ ಬಂದುಬಿಟ್ಟರೆ ಆ ರಾತ್ರಿಯೂ ಮರುದಿನ ಸಂಜೆಯವರೆಗೂ ಏನೂ ತಿನ್ನುವಂತಿರಲಿಲ್ಲ. ಖೈಸ್ ಹಗಲಿಡೀ ದುಡಿದು ಮನೆಗೆ ಬಂದರು. ಮನೆಯಲ್ಲಿ ಊಟ ಇರಲಿಲ್ಲ. ಎಲ್ಲಿಂದಾದರೂ ಹುಡುಕಿ ತರುತ್ತೇನೆಂದು ಹೆಂಡತಿ ಹೊರಗೆ ಹೋದರು. ಆಕೆ ಮರಳುವಷ್ಟರಲ್ಲಿ ಖೈಸ್‌ಗೆ ನಿದ್ದೆ ಹತ್ತಿತ್ತು. ಮರುದಿನ ನಡು ಮಧ್ಯಾಹ್ನ ಅವರು ಪ್ರಜ್ಞೆ ತಪ್ಪಿ ಬಿದ್ದರು. ವಿಷಯ ಪ್ರವಾದಿವರ್ಯರ(ಸ) ಬಳಿಗೆ ಹೋಯಿತು. ಆಗ ಅಲ್‌ಬಕರಾ ಅಧ್ಯಾಯದ 187ನೇ ಸೂಕ್ತ ಅವತೀರ್ಣವಾಗಿ, ಬೆಳಗಿನ ಬೆಳಕು ಮೂಡುವವರೆಗೆ ಇರುಳೆಲ್ಲ ಉಣ್ಣಲು, ಕುಡಿಯಲು ಅನುಮತಿ ಸಿಕ್ಕಿತು.

ಇವತ್ತು ನಾವು ಉಣ್ಣುವ ಸಹ್ರಿಯ ಹಿಂದೆ ಹೀಗೆ ದಣಿದು ಮಲಗಿಬಿಟ್ಟ ಒಬ್ಬ ದುಡಿಮೆಗಾರನ ನಿದ್ದೆ ಇದೆ. ದುಡಿಮೆ, ನಿದ್ದೆ, ಉಪವಾಸ ಈ ಮೂರನ್ನೂ ಒಬ್ಬ ಮನುಷ್ಯ ಒಂದೇ ದಿನದೊಳಗೆ ಹೊಂದಿಸಿಕೊಳ್ಳಲು ಆಗಲಿಲ್ಲ. ಧರ್ಮ ಅವನನ್ನು ಆಲಸಿ ಎಂದು ಗದರಿಸಲಿಲ್ಲ, ನಿಯಮವೇ ಸಡಿಲವಾಯಿತು. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ರಮಝಾನ್ ಬಂತೆಂದರೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಉಪವಾಸ ಇರುವವನು ಕೆಲಸಕ್ಕೆ ಬಾರದವನು ಎಂಬ ಕಾರ್ಖಾನೆಯವರ ಮಾತು ಒಂದು. ನಿದ್ದೆ ಬರುತ್ತದೆ ಎನ್ನುವವನ ಈಮಾನ್ ಕಡಿಮೆ ಎಂಬ ಮೊಹಲ್ಲಾದ ಮಾತು ಇನ್ನೊಂದು. ಖೈಸ್ ಅವರ ಕಥೆ ಗೊತ್ತಿದ್ದವರು ಎರಡನ್ನೂ ಆಡಲಾರರು.

ಈ ಪ್ರಶ್ನೆಯನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿಟ್ಟು ನೋಡಲು ಕಾರಣವಿದೆ. ಕಾಲುವೆ ಗದ್ದೆ, ಕಬ್ಬಿನ ಗಾಣ, ಸಕ್ಕರೆ ಕಾರ್ಖಾನೆ, ಅಣೆಕಟ್ಟು, ಗಣಿ, ಉಕ್ಕಿನ ಕುಲುಮೆ, ಹೆದ್ದಾರಿ ಲಾರಿ ಇವೆಲ್ಲವೂ ಕೆಲವೇ ಹರದಾರಿಗಳ ಅಂತರದಲ್ಲಿ ಬಂದುಹೋದ ನೆಲ ಇದು. ಒಂದೊಂದು ದುಡಿಮೆಯೂ ತನ್ನದೇ ಹಗಲು ರಾತ್ರಿಯನ್ನು ತಂದಿತು. ಅವೆಲ್ಲದರ ಮೇಲೆ ರಮಝಾನ್ ತಿಂಗಳು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಡಿಸೆಂಬರಿನಲ್ಲಿ ಬಂದರೆ ಹೊಸಪೇಟೆಯಲ್ಲಿ ಉಪವಾಸ ಸುಮಾರು 12 ಗಂಟೆ 30 ನಿಮಿಷ. ಜೂನಿನಲ್ಲಿ ಬಂದರೆ 14 ಗಂಟೆಯ ಮೇಲೆ 20–25 ನಿಮಿಷ. ಲಂಡನ್ನಿನಲ್ಲಿ ಬೇಸಿಗೆಯ ಉಪವಾಸ 18 ಗಂಟೆ ದಾಟುತ್ತದೆ. ಆ ಲೆಕ್ಕದಲ್ಲಿ ನಮ್ಮವರು ಪುಣ್ಯವಂತರು. ನಮ್ಮ ಕಷ್ಟ ಗಂಟೆಗಳದ್ದಲ್ಲ, ಏಪ್ರಿಲ್–ಮೇ ತಿಂಗಳ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯ ಬಿಸಿಲಿನದು.

ಈ ನೆಲದಲ್ಲಿ ರಮಝಾನ್ ಆಚರಿಸಿದ ಮೊದಲಿಗರಲ್ಲಿ ಕಾವಲುಗಾರರೂ ಸಿಪಾಯಿಗಳೂ ಇದ್ದರು. ಎರಡನೇ ದೇವರಾಯ (1424–46) ತನ್ನ ಸೈನ್ಯಕ್ಕೆ ಮುಸ್ಲಿಮ್ ಬಿಲ್ಲುಗಾರರನ್ನು ಸೇರಿಸಿಕೊಂಡ. ಅವರಿಗೆ ಜಹಗೀರು ಕೊಟ್ಟು, ಮಸೀದಿ ಕಟ್ಟಿಸಿ, ತನ್ನ ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದನೆಂದು ಫಿರಿಶ್ತಾ ಬರೆಯುತ್ತಾನೆ. ಫಿರಿಶ್ತಾ ನೂರೈವತ್ತಕ್ಕೂ ಹೆಚ್ಚು ವರ್ಷಗಳ ನಂತರ ಬರೆದವನು, ಅವನ ಮಾತನ್ನು ಅಷ್ಟಕ್ಕೇ ಇಟ್ಟುಕೊಳ್ಳೋಣ. ಕಲ್ಲಿನ ಸಾಕ್ಷಿಯೇ ಹಂಪಿಯಲ್ಲಿದೆ. ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ದೊರೆಗೆ ಪುಣ್ಯವಾಗಲೆಂದು ಕಟ್ಟಿಸಿದ ಕಟ್ಟಡ, ಪಕ್ಕದಲ್ಲಿ ಬಾವಿ ಮತ್ತು ಗೋರಿ. ಶಾಸನ ಅದನ್ನು ಧರ್ಮಸಾಲೆ ಎನ್ನುತ್ತದೆ, ವಿದ್ವಾಂಸರು ಮಸೀದಿ ಎಂದು ಗುರುತಿಸಿದ್ದಾರೆ. ನೋಡಲು ದೇವಾಲಯದ ಮಂಟಪದಂತೆಯೇ ಇದೆ. ಆ ಹೊತ್ತಿಗೆ ರಮಝಾನ್ ಬರುತ್ತಿದ್ದುದು ಫೆಬ್ರವರಿ–ಮಾರ್ಚ್ ಸುಮಾರಿಗೆ, ಈಚಿನ ವರ್ಷಗಳಲ್ಲಿ ಬಂದಂತೆಯೇ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಕಡ್ಡಿರಾಂಪುರದ ಗೋರಿಗಳನ್ನೂ ಓದುಗರು ನೋಡಿರಬಹುದು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ನಗರದ ಒಂದು ಬೀದಿಯ ತುದಿಯಲ್ಲಿದ್ದ ಮುಸ್ಲಿಮರ ಕೇರಿಯನ್ನು ಹೆಸರಿಸಿ, ಅವರಲ್ಲಿ ಅನೇಕರು ಇದೇ ನಾಡಿನವರು, ದೊರೆಯ ಸಂಬಳ ಪಡೆಯುವವರು, ಅವನ ಕಾವಲುಪಡೆಗೆ ಸೇರಿದವರು ಎಂದು ಬರೆದಿದ್ದಾನೆ.

ಕಾವಲು ಎಂದರೆ ಪಾಳಿಯ ಕೆಲಸವೇ. ದಿನಕ್ಕೆ 60 ಗಳಿಗೆ, 8 ಜಾವ. ಒಂದು ಗಳಿಗೆಗೆ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ಬಟ್ಟಲು ನೀರಿನಲ್ಲಿ ಮುಳುಗುವ ಹೊತ್ತನ್ನು ನೋಡಿ ಗಂಟೆ ಹೊಡೆಯುವ ಪದ್ಧತಿ ಹಿಂದುಸ್ತಾನದಲ್ಲಿ ಇದ್ದುದನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ಕುತೂಹಲದಿಂದ ವಿವರಿಸಿದ್ದಾನೆ. ಕೊನೆಯ ಜಾವದ ಕಾವಲಿಗೆ ನಿಂತವನಿಗೆ ಸಹ್ರಿ ತಪ್ಪುವ ಭಯವಿಲ್ಲ, ನಿದ್ದೆಯ ಕೊರತೆ ಮಾತ್ರ. ನಮ್ಮ ನೈಟ್ ಶಿಫ್ಟಿನವರ ಸ್ಥಿತಿಯೂ ಅದೇ. ವಿಜಯನಗರದ ರಮಝಾನ್ ಹೇಗಿತ್ತೆಂದು ಕಣ್ಣಾರೆ ಕಂಡು ಹೇಳಬಹುದಾಗಿದ್ದ ಒಬ್ಬನಿದ್ದ, ಪರ್ಷಿಯಾದ ರಾಯಭಾರಿ ಅಬ್ದುರ್‍ರಝಾಕ್. ಅವನು ಹೆರಾತ್ ಬಿಟ್ಟದ್ದು ರಮಝಾನ್ ತಿಂಗಳಲ್ಲಿ (ಜನವರಿ 1442), ವಿಜಯನಗರ ತಲುಪಿದ್ದು 1443ರ ಏಪ್ರಿಲಿನಲ್ಲಿ, ಹಿಂದಿರುಗಿ ಹೊರಟದ್ದು ಅದೇ ವರ್ಷದ ಡಿಸೆಂಬರಿನಲ್ಲಿ, ಹಿಜರಿ ಲೆಕ್ಕದಲ್ಲಿ ಶಾಬಾನ್ ತಿಂಗಳಲ್ಲಿ. ಇನ್ನೊಂದೇ ತಿಂಗಳು ನಿಂತಿದ್ದರೆ! ಮಹಾನವಮಿಯನ್ನು ಅಷ್ಟು ಸೊಗಸಾಗಿ ಬಣ್ಣಿಸಿದ ಲೇಖನಿ ಅದು.

ಆ ಕಾಲದ ಜನರ ನಿದ್ದೆಯೂ ನಮ್ಮಂತೆ ಇರಲಿಲ್ಲ ಎಂದು ಈಗ ಇತಿಹಾಸಕಾರರು ಹೇಳುತ್ತಾರೆ. ಅಮೆರಿಕದ ರೋಜರ್ ಎಕಿರ್ಚ್ 2005ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೈಗಾರಿಕೆಗೆ ಮುಂಚಿನ ಯುರೋಪಿನಲ್ಲಿ ಜನ ರಾತ್ರಿಯನ್ನು ಎರಡು ನಿದ್ದೆಗಳಾಗಿ ಮಾಡಿಕೊಳ್ಳುತ್ತಿದ್ದರು, ನಡುವೆ ಎದ್ದು ಪ್ರಾರ್ಥನೆ, ಮಾತು, ಮನೆಗೆಲಸ ಮಾಡುತ್ತಿದ್ದರು ಎಂದು ನೂರಾರು ದಾಖಲೆಗಳಿಂದ ತೋರಿಸಿದ್ದಾರೆ. ಎಲ್ಲ ನಾಡಿಗೂ ಅದು ಅನ್ವಯಿಸುತ್ತದೆಯೇ ಎಂಬುದರಲ್ಲಿ ತಕರಾರಿದೆ. ಆದರೂ ಒಂದಂತೂ ನಿಜ. ದೀಪದ ಎಣ್ಣೆ ದುಬಾರಿಯಾಗಿದ್ದ ಊರುಗಳಲ್ಲಿ ಇಶಾ ನಮಾಝ್ ಮುಗಿದರೆ ಕತ್ತಲೆ, ಕತ್ತಲೆಯಾದರೆ ಮಲಗುವುದು. ಅಂಥವರಿಗೆ ಬೆಳಗಿನ ಜಾವ ಏಳುವುದು ನಿದ್ದೆಯನ್ನು ಕತ್ತರಿಸಿದಂತೆ ಆಗುತ್ತಿರಲಿಲ್ಲ. ಮಧ್ಯಾಹ್ನದ ಸಣ್ಣ ನಿದ್ದೆಯೂ ಇತ್ತು, ಅದಕ್ಕೆ ಖೈಲೂಲ ಎಂದು ಹೆಸರು. ಪ್ರವಾದಿವರ್ಯರ(ಸ) ಕಾಲದಲ್ಲಿ ಶುಕ್ರವಾರ ಜುಮಾ ಮುಗಿಸಿದ ಮೇಲೆಯೇ ತಾವು ಊಟ ಮಾಡಿ ಮಲಗುತ್ತಿದ್ದೆವೆಂದು ಸಹಾಬಿಗಳು ಹೇಳಿದ್ದಾರೆ. ಅನ್ನೂರ್ ಅಧ್ಯಾಯದ 58ನೇ ಸೂಕ್ತ ಮಧ್ಯಾಹ್ನವನ್ನು ವಿಶ್ರಾಂತಿಯ ಹೊತ್ತೆಂದೇ ಎಣಿಸುತ್ತದೆ. ಅರ್ರೂಮ್ ಅಧ್ಯಾಯದ 23ನೇ ಸೂಕ್ತದಲ್ಲಿ ರಾತ್ರಿಯ ನಿದ್ದೆಯ ಜೊತೆಗೆ ಹಗಲಿನ ನಿದ್ದೆಯೂ ಅಲ್ಲಾಹನ ದೃಷ್ಟಾಂತಗಳ ಸಾಲಿನಲ್ಲಿದೆ. ಬಸವಣ್ಣ ಕಾಲುವೆ, ರಾಯ ಕಾಲುವೆಗಳ ಕೆಳಗಿನ ಗದ್ದೆಗಳಲ್ಲಿ ನಸುಕಿನಲ್ಲಿ ನೀರು ಕಟ್ಟಿ, ಬಿಸಿಲೇರಿದಾಗ ಮರದಡಿ ಒರಗಿ, ಇಳಿಹೊತ್ತಿನಲ್ಲಿ ಮತ್ತೆ ಗುದ್ದಲಿ ಹಿಡಿಯುವ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಈ ಹೊಂದಾಣಿಕೆ ಮುರಿದದ್ದು ಕಾರ್ಖಾನೆಯ ಗಡಿಯಾರ ಬಂದಾಗ.

1932ರಲ್ಲಿ ಭಾರತ ಸರಕಾರ ಸಕ್ಕರೆ ಉದ್ಯಮಕ್ಕೆ ಆಮದು ಸುಂಕದ ರಕ್ಷಣೆ ಕೊಟ್ಟ ಮೇಲೆ ದೇಶದ ಉದ್ದಗಲಕ್ಕೂ ಸಕ್ಕರೆ ಕಾರ್ಖಾನೆಗಳು ಎದ್ದವು. ಆ ದಶಕದಲ್ಲೇ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಇಂಡಿಯಾ ಶುಗರ್ಸ್ ಅಂಡ್ ರಿಫೈನರೀಸ್ ಬಂತು. ಊರವರ ಬಾಯಲ್ಲಿ ಅದು ಐಎಸ್ಆರ್ ಫ್ಯಾಕ್ಟರಿ. ವಿಜಯನಗರದ ಕಾಲುವೆಗಳ ನೀರಿನಲ್ಲಿ ಬೆಳೆದ ಕಬ್ಬು ಗಾಣ, ಆಲೆಮನೆಗಳಿಂದ ಕಾರ್ಖಾನೆಯ ಗೇಟಿಗೆ ತಿರುಗಿತು. ಕಬ್ಬು ಅರೆಯುವ ಕಾಲ ಅಕ್ಟೋಬರ್–ನವೆಂಬರಿನಿಂದ ಬೇಸಿಗೆಯವರೆಗೆ. ಆಗ ರಮಝಾನ್ ಕೂಡ ಸರಿಯಾಗಿ ಆ ಕಾಲಕ್ಕೇ ಬರುತ್ತಿತ್ತು: 1934ರಲ್ಲಿ ಡಿಸೆಂಬರ್, 1936ರಲ್ಲಿ ನವೆಂಬರ್. ಅಂದರೆ ಉಪವಾಸ ಗಿಡ್ಡ, ದುಡಿಮೆ ಉದ್ದ. 1934ರ ಕಾರ್ಖಾನೆ ಕಾಯ್ದೆ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 54 ಗಂಟೆ ಎಂದು ಮಿತಿ ಹಾಕಿದರೆ, ಸಕ್ಕರೆಯಂಥ ಋತುಮಾನದ ಕಾರ್ಖಾನೆಗಳಿಗೆ ದಿನಕ್ಕೆ 11, ವಾರಕ್ಕೆ 60 ಗಂಟೆ ಬಿಟ್ಟುಕೊಟ್ಟಿತು. 1948ರ ಕಾಯ್ದೆ ಅದನ್ನು 9 ಮತ್ತು 48 ಗಂಟೆಗಳಿಗೆ ಇಳಿಸಿ, 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು ಕಡ್ಡಾಯ ಮಾಡಿತು. ಆ ಅರ್ಧ ಗಂಟೆಯ ಬೆಲೆ ಉಪವಾಸ ಇದ್ದು ದುಡಿದವರಿಗೇ ಗೊತ್ತು. ಅದರಲ್ಲೇ ಝುಹ್ರ್ ನಮಾಝ್, ಅದರಲ್ಲೇ ಗೋಡೆಗೆ ಒರಗಿ ಹತ್ತು ನಿಮಿಷದ ಖೈಲೂಲ.

ಸಕ್ಕರೆ ಕಾರ್ಖಾನೆಯ ಕೆಲಸ ನಿಲ್ಲಿಸಿ ನಡೆಸುವ ಕೆಲಸವಲ್ಲ. ಕಡಿದ ಕಬ್ಬು ಹೊತ್ತು ಕಳೆದಷ್ಟೂ ತೂಕವನ್ನೂ ಸಿಹಿಯನ್ನೂ ಕಳೆದುಕೊಳ್ಳುತ್ತದೆ. ಹಿಂಡಿದ ರಸ ಕಾಯುವುದಿಲ್ಲ, ಕುದಿಯುವ ಪ್ಯಾನಿನಲ್ಲಿ ಹರಳು ಕಟ್ಟುವ ಹೊತ್ತಿಗೆ ಪ್ಯಾನ್‌ಮನ್ ಅಲ್ಲಿಂದ ಕದಲುವಂತಿಲ್ಲ. ಅದು ಮಗ್ರಿಬ್ ಹೊತ್ತೇ ಆಗಿದ್ದರೂ ಅಷ್ಟೆ. ಖರ್ಜೂರ ಜೇಬಿನಲ್ಲಿ, ಕಣ್ಣು ಗಾಜಿನ ಮೇಲೆ. ಬಾಯ್ಲರ್ ಮುಂದೆ ಕಬ್ಬಿನ ಸಿಪ್ಪೆ ತಳ್ಳುವವನಿಗೆ ಡಿಸೆಂಬರ್ ಆದರೂ ಮೇ ಆದರೂ ಒಂದೇ.

ಮೂರು ಪಾಳಿಗಳಲ್ಲಿ ಉಪವಾಸಿಯ ನಿದ್ದೆಯ ಲೆಕ್ಕ ಹಾಕಿ ನೋಡೋಣ, ಏಕೆಂದರೆ ಮಾತೆಲ್ಲ ಬಂದು ನಿಲ್ಲುವುದು ಇಲ್ಲಿ. ಬೆಳಗ್ಗೆ 6ರಿಂದ 2ರ ಪಾಳಿಯವನು ತರಾವೀಹ್ ಮುಗಿಸಿ ಮನೆಗೆ ಬರುವಾಗ ರಾತ್ರಿ 10 ದಾಟಿರುತ್ತದೆ. 4ಕ್ಕೆ ಸಹ್ರಿಗೆ ಏಳಬೇಕು. ಫಜ್ರ್ ಮುಗಿಸಿದರೆ ಮತ್ತೆ ಮಲಗಲು ಹೊತ್ತಿಲ್ಲ, ಸೈಕಲ್ ಹತ್ತಬೇಕು. ಹೆಚ್ಚೆಂದರೆ ಐದೂವರೆ ಗಂಟೆ ನಿದ್ದೆ. ಆದರೆ 2ಕ್ಕೆ ಬಿಡುಗಡೆ, ಅಸ್ರ್ ಮೊದಲು ಒಂದೂವರೆ ಗಂಟೆ ಮಲಗಬಹುದು. ಮಧ್ಯಾಹ್ನ 2ರಿಂದ 10ರ ಪಾಳಿಯವನ ಇಫ್ತಾರ್ ಯಂತ್ರದ ಪಕ್ಕದಲ್ಲಿ, ತರಾವೀಹ್ ಜಮಾಅತ್ ತಪ್ಪಿತು. ಆದರೆ ಫಜ್ರ್ ಮೇಲೆ ಅವನಿಗೆ ಬೇಕಾದಷ್ಟು ನಿದ್ದೆ. ರಾತ್ರಿ 10ರಿಂದ 6ರ ಪಾಳಿಯವನು ಮನೆಮಂದಿಯೊಡನೆ ಇಫ್ತಾರ್ ಮಾಡುತ್ತಾನೆ, ಸಹ್ರಿ ಡಬ್ಬಿಯಲ್ಲಿ ಹೋಗುತ್ತದೆ, ಹಗಲು ಮಲಗುತ್ತಾನೆ. ಮಲಗುತ್ತಾನೆಂದು ಹೇಳುವುದು ಸುಲಭ. ಒಂದೇ ಕೋಣೆಯ ಮನೆ, ತಗಡಿನ ಸೂರು, ಮಕ್ಕಳ ಗದ್ದಲ, ಏಪ್ರಿಲ್ ತಿಂಗಳು. ಕೆಲವರು ಮಸೀದಿಯ ತಣ್ಣನೆಯ ನೆಲವನ್ನೇ ಹುಡುಕಿಕೊಂಡು ಹೋಗುವುದು ಸುಮ್ಮನೆ ಅಲ್ಲ. ಜುಮ್ಮಾ ದಿನ ಬಿಟ್ಟರೆ ಮಧ್ಯಾಹ್ನ ಮಸೀದಿಯಲ್ಲಿ ಮಲಗಿದವರನ್ನು ಎಬ್ಬಿಸಿ ಕಳುಹಿಸುವ ಮುತವಲ್ಲಿಗಳು ಅವರು ಯಾವ ಪಾಳಿಯಿಂದ ಬಂದವರೆಂದು ಒಮ್ಮೆ ಕೇಳಿದರೆ ಒಳ್ಳೆಯದು.

ಈ ಮೂರರಲ್ಲಿ ಯಾವುದು ಮೇಲು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಪಾಳಿ ಬದಲಾಯಿಸಿಕೊಳ್ಳುವ ಪದ್ಧತಿ ಹುಟ್ಟಿದ್ದು ಅದಕ್ಕೇ. ಉಪವಾಸ ಇರುವವನ ಪಾಳಿಯನ್ನು ಹಿಂದೂ ಸಹೋದ್ಯೋಗಿ ವಹಿಸಿಕೊಳ್ಳುವುದು, ದೀಪಾವಳಿಗೋ ಯುಗಾದಿಗೋ ಊರ ಜಾತ್ರೆಗೋ ಇವನು ಆ ಋಣ ತೀರಿಸುವುದು ಪಾಳಿಯ ದುಡಿಮೆ ಇರುವ ಊರುಗಳಲ್ಲಿ ಯಾವ ಸೌಹಾರ್ದ ಸಮಿತಿಯ ಅಪ್ಪಣೆಯೂ ಇಲ್ಲದೆ ನಡೆದುಬಂದಿರುವಂಥದ್ದು. ಇಫ್ತಾರ್ ಕೂಟಗಳ ಫೋಟೋ ಪತ್ರಿಕೆಗಳಲ್ಲಿ ಬರುತ್ತದೆ, ಇದು ಬರುವುದಿಲ್ಲ.

ಇನ್ನು ತುಂಗಭದ್ರಾ ಅಣೆಕಟ್ಟು. ಅದರ ಚರಿತ್ರೆಯನ್ನು ಕಲ್ಲು, ಗಾರೆ, ಟಿಎಂಸಿ ಲೆಕ್ಕದಲ್ಲಿ ಬರೆಯುತ್ತಾರೆ. ಹಿಜರಿ ಪಂಚಾಂಗವನ್ನು ಪಕ್ಕಕ್ಕಿಟ್ಟುಕೊಂಡು ನೋಡಿದರೆ ಇನ್ನೊಂದು ಲೆಕ್ಕ ಸಿಗುತ್ತದೆ. 1945ರ ಫೆಬ್ರವರಿ 28ರಂದು ಒಂದು ದಡದಲ್ಲಿ ಮದ್ರಾಸ್ ಗವರ್ನರ್, ಇನ್ನೊಂದು ದಡದಲ್ಲಿ ಹೈದರಾಬಾದಿನ ಬೇರಾರ್ ರಾಜಕುಮಾರ ಶಂಕುಸ್ಥಾಪನೆ ಮಾಡಿದರು. ಆ ವರ್ಷ ರಮಝಾನ್ ಬಂದದ್ದು ಆಗಸ್ಟಿನಲ್ಲಿ. 1947ರಲ್ಲಿ ಜುಲೈ–ಆಗಸ್ಟ್, ಸ್ವಾತಂತ್ರ್ಯದ ದಿನ ರಮಝಾನ್ 27 ಎಂಬುದು ಅನೇಕರಿಗೆ ನೆನಪಿರುತ್ತದೆ. ಇವು ನದಿಗೆ ನೆರೆ ಬರುವ ತಿಂಗಳುಗಳು. ನದಿಯ ಪಾತ್ರದೊಳಗಿನ ಕೆಲಸ ಆಗ ಸಾಗುವುದಿಲ್ಲ. ಆದರೆ ಕೆಲಸ ಮುಗಿಯುತ್ತ ಬಂದಂತೆ ರಮಝಾನ್ ಕೂಡ ಹಿಂದೆ ಸರಿಯುತ್ತ ಬೇಸಿಗೆಗೆ ಬಂತು: 1951ರಲ್ಲಿ ಜೂನ್, 1952ರಲ್ಲಿ ಮೇ ಕೊನೆಯ ವಾರದಿಂದ. 1953ರ ರಮಝಾನ್ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ. ಅದೇ ವರ್ಷದ ಜುಲೈ 1ರಂದು ನೀರಾವರಿಗೆ ನೀರು ಬಿಡಲಾಯಿತು. ಅಂದರೆ ಮಳೆಗೆ ಮುಂಚೆ ಮುಗಿಸಬೇಕಾದ ಕೊನೆಯ ಬೇಸಿಗೆಯ ಅವಸರ, 14 ಗಂಟೆಯ ಉಪವಾಸ, ಬಂಡೆಗಲ್ಲಿನ ಕಾವು ಎಲ್ಲವೂ ಒಂದೇ ತಿಂಗಳಲ್ಲಿ ಕೂಡಿದವು. ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿ ಕಟ್ಟಿದ, 33 ಗೇಟುಗಳ ಆ ಗೋಡೆಯನ್ನು ಇವತ್ತು ಉದ್ಯಾನದಿಂದ ನೋಡುವವರಿಗೆ ಆ ಮೇ ತಿಂಗಳ ನೆನಪು ಬರುವ ಕಾರಣವಿಲ್ಲ.

ಇಂಥ ದುಡಿಮೆಯ ಬಗ್ಗೆ ಧರ್ಮಶಾಸ್ತ್ರ ಏನು ಹೇಳಿತು? ನಮ್ಮ ಸೀಮೆಯ ಹೆಚ್ಚಿನವರು ಅನುಸರಿಸುವ ಹನಫಿ ಪಂಥದ ಗ್ರಂಥಗಳಲ್ಲಿ ರೊಟ್ಟಿ ಸುಡುವವನೊಬ್ಬನ ಉದಾಹರಣೆ ಬರುತ್ತದೆ. ಒಲೆಯ ಮುಂದೆ ಇಡೀ ದಿನ ನಿಂತರೆ ಉಪವಾಸ ಮುರಿಯಬೇಕಾಗುವಷ್ಟು ಅವನು ಬಳಲುತ್ತಾನೆ. 17ನೇ ಶತಮಾನದ ದಮಾಸ್ಕಸ್‌ನ ಹಸ್ಕಫೀ ಹೇಳಿದ ಪರಿಹಾರ ಸರಳ: ಅರ್ಧ ದಿನ ರೊಟ್ಟಿ ಸುಡಲಿ, ಉಳಿದರ್ಧ ವಿರಮಿಸಲಿ. 19ನೇ ಶತಮಾನದಲ್ಲಿ ಅದೇ ಊರಿನ ಇಬ್ನ್ ಆಬಿದೀನ್ ಈ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಆ ಅರ್ಧ ದಿನದ ಸಂಪಾದನೆ ಹೆಂಡತಿ ಮಕ್ಕಳಿಗೆ ಸಾಲದಿದ್ದರೆ? ಕೊಯ್ಲಿನ ಹೊತ್ತಿನಲ್ಲಿ ಪೈರು ಹಾಳಾಗುವ ಭಯವಿದ್ದರೆ? ಬೇರೆ ದಾರಿ ಇಲ್ಲದವನು ಉಪವಾಸ ಬಿಟ್ಟು ನಂತರ ಅದನ್ನು ಪೂರೈಸಿಕೊಳ್ಳಲು ಅವಕಾಶವಿದೆ ಎಂಬ ಕಡೆಗೆ ಅವರ ಚರ್ಚೆ ಸಾಗುತ್ತದೆ. ಗಮನಿಸಬೇಕಾದದ್ದು ಕ್ರಮವನ್ನು. ಅವರು ಮೊದಲು ಕೇಳಿದ್ದು ದುಡಿಮೆಯ ಹೊತ್ತನ್ನು ಕಡಿಮೆ ಮಾಡಲು ಆಗುತ್ತದೆಯೇ ಎಂದು. ಉಪವಾಸ ಬಿಡುವ ಮಾತು ಆಮೇಲೆ. 1960ರ ಫೆಬ್ರವರಿಯಲ್ಲಿ ಟ್ಯುನೀಷಿಯಾದ ಅಧ್ಯಕ್ಷ ಬೂರ್ಗೀಬಾ ಇದನ್ನು ತಿರುಗಾಮುರುಗಾ ಮಾಡಿದರು. ಬಡತನದ ವಿರುದ್ಧ ದೇಶ ನಡೆಸುವ ಹೋರಾಟವೂ ಜಿಹಾದ್, ಉತ್ಪಾದನೆ ಕುಂಠಿತವಾಗುವುದಾದರೆ ಕಾರ್ಮಿಕರು ಉಪವಾಸ ಬಿಡಬಹುದು ಎಂದರು. ಉಲಮಾಗಳು ಒಪ್ಪಲಿಲ್ಲ, ಜನರೂ ಕೇಳಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅವರ ತಪ್ಪು ಕಾರ್ಮಿಕರ ದಣಿವನ್ನು ಗುರುತಿಸಿದ್ದರಲ್ಲಿಲ್ಲ. ಯಂತ್ರದ ಹೊತ್ತನ್ನು ಮುಟ್ಟದೆ ಮನುಷ್ಯನ ವ್ರತವನ್ನು ಮಾತ್ರ ಮುಟ್ಟಲು ಹೋದದ್ದರಲ್ಲಿದೆ. ಯುಎಇಯಲ್ಲಿ ಖಾಸಗಿ ಕೆಲಸಗಾರರಿಗೂ ರಮಝಾನಿನಲ್ಲಿ ದಿನಕ್ಕೆ 2 ಗಂಟೆ ಕೆಲಸ ಕಡಿತ. 2025ರಲ್ಲಿ ತೆಲಂಗಾಣ ಸರಕಾರ ತನ್ನ ಮುಸ್ಲಿಮ್ ನೌಕರರು ಸಂಜೆ 4ಕ್ಕೆ ಹೊರಡಲು ಅವಕಾಶ ಕೊಟ್ಟಿತು. ಖಾಸಗಿ ಕಾರ್ಖಾನೆ, ಗಣಿ, ಲಾರಿಗಳಿಗೆ ಅಂಥ ಆದೇಶ ತಲುಪುವುದಿಲ್ಲ. ಕರ್ನಾಟಕವಂತೂ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆವರೆಗೂ ದುಡಿಸಲು ದಾರಿ ಮಾಡಿತು. 12 ಗಂಟೆಯ ಪಾಳಿಯಲ್ಲಿ ಮೇಲೆ ಹೇಳಿದ ನಿದ್ದೆಯ ಲೆಕ್ಕ ಯಾವುದೂ ನಿಲ್ಲುವುದಿಲ್ಲ.

ಗಣಿಯ ಕಾಲ ಬಂದಾಗ ಕಾಯ್ದೆಯ ಮಾತೇ ಇರಲಿಲ್ಲ. ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ತೆಗೆಯುವುದು 20ನೇ ಶತಮಾನದ ಆರಂಭದಿಂದಲೇ ಇತ್ತು. 1994ರಲ್ಲಿ ತೋರಣಗಲ್ಲಿನ ಜಿಂದಾಲ್ ಉಕ್ಕು ಕಂಪನಿ ಸ್ಥಾಪನೆಯಾಯಿತು. ಆದರೆ 2003ರ ನಂತರ ಚೀನಾದ ಬೇಡಿಕೆ ಏರಿದಾಗ ಆದದ್ದೇ ಬೇರೆ. ಹೊಸಪೇಟೆಯಿಂದ ಅಂಕೋಲದ ಬೇಲೆಕೇರಿವರೆಗೆ ಹೆದ್ದಾರಿಯ ಮೇಲೆ ಹಗಲು ರಾತ್ರಿ ಅದಿರು ಲಾರಿಗಳ ಸಾಲು. ಚಾಲಕರು, ಕ್ಲೀನರ್‌ಗಳು, ಮೆಕ್ಯಾನಿಕ್‌ಗಳು, ಪಂಕ್ಚರ್ ಅಂಗಡಿಯವರಲ್ಲಿ ನಮ್ಮ ಹುಡುಗರು ಬಹಳ. ಟ್ರಿಪ್ಪಿಗೆ ಇಷ್ಟು ಎಂದು ಕೂಲಿ ಗೊತ್ತಾದ ಮೇಲೆ ನಿದ್ದೆ ಎಂದರೆ ನಷ್ಟ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಎಂದಿತ್ತು, ಅದು ಕಾಗದದಲ್ಲಿ. ಆ ವರ್ಷಗಳಲ್ಲಿ ರಮಝಾನ್ ಅಕ್ಟೋಬರಿನಿಂದ ಆಗಸ್ಟಿನ ಕಡೆಗೆ ಸರಿಯುತ್ತಿತ್ತು. ಕೆಂಪು ಧೂಳು, ಮಳೆಗಾಲದ ಗುಂಡಿ, ಸಹ್ರಿಗೆ ಧಾಬಾ, ಮತ್ತೆ ಘಾಟಿ. ಕುರ್‌ಆನ್ ಪ್ರಯಾಣಿಕನಿಗೆ ಉಪವಾಸವನ್ನು ಮುಂದೂಡುವ ರಿಯಾಯಿತಿ ಕೊಟ್ಟಿದೆ. ಮಕ್ಕಾ ವಿಜಯದ ಪ್ರಯಾಣದಲ್ಲಿ, ಅದೂ ರಮಝಾನಿನಲ್ಲಿ, ಪ್ರವಾದಿವರ್ಯರು(ಸ) ಎಲ್ಲರಿಗೂ ಕಾಣುವಂತೆ ನೀರು ಕುಡಿದು ಉಪವಾಸ ಬಿಟ್ಟದ್ದು ಪ್ರಸಿದ್ಧ. ನಿದ್ದೆಗಣ್ಣಿನಲ್ಲಿ ಹದಿನೈದಿಪ್ಪತ್ತು ಟನ್ ಅದಿರು ಹೇರಿದ ಲಾರಿ ಇಳಿಸುವವನ ಕೈಯಲ್ಲಿ ತನ್ನ ಪ್ರಾಣ ಮಾತ್ರವಲ್ಲ, ಎದುರು ಬರುವವರ ಪ್ರಾಣವೂ ಇದೆ. ರಿಯಾಯಿತಿ ಬಳಸಿಕೊಂಡವನನ್ನು ಚಹಾದಂಗಡಿಯಲ್ಲಿ ಹೀಯಾಳಿಸುವವರು ಇದನ್ನು ನೆನೆಯಬೇಕು.

2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ ಹೆಗ್ಡೆ ವರದಿ ಕೊಟ್ಟರು. 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್ ಮೊದಲ ವಾರದಲ್ಲಿ ರಮಝಾನ್ ಆರಂಭ. ಲೂಟಿ ನಿಂತದ್ದು ನ್ಯಾಯ. ಆದರೆ ಆ ರಮಝಾನಿನಲ್ಲಿ ಲಾರಿಯ ಜನಕ್ಕೆ ನಿದ್ದೆಗೆ ಬೇಕಾದಷ್ಟು ಹೊತ್ತಿತ್ತು, ಕಂತು ಕಟ್ಟಬೇಕಾದ ಚಿಂತೆಯೂ ಇತ್ತು.

ಹೆಂಗಸರ ನಿದ್ದೆಯ ಮಾತಿಲ್ಲದೆ ಇದನ್ನು ಮುಗಿಸಲಾಗದು. ಖೈಸ್ ಅವರ ಕಥೆಯಲ್ಲೂ ಊಟ ಹುಡುಕಲು ಹೊರಟದ್ದು ಅವರ ಹೆಂಡತಿ. ಆಕೆಯೂ ಆ ರಾತ್ರಿ ಉಂಡಳೇ ಎಂದು ಯಾರೂ ಕೇಳುವುದಿಲ್ಲ. ಮನೆಯವರೆಲ್ಲ 4ಕ್ಕೆ ಎದ್ದರೆ ಆಕೆ 3ಕ್ಕೆ. ಗಂಡ ಒಂದು ಪಾಳಿ, ಮಗ ಇನ್ನೊಂದು ಪಾಳಿ ಎಂದಾದರೆ ಎರಡು ಸಲ ಅಡುಗೆ, ಎರಡು ಡಬ್ಬಿ. ಹಗಲಿನಲ್ಲಿ ಶಾಲೆಯ ಮಕ್ಕಳು, ಹಲವರಿಗೆ ಹೊಲದ ಕೂಲಿ, ಅಸ್ರ್ ಆಗುತ್ತಲೇ ಇಫ್ತಾರಿನ ಗಂಜಿ, ಭಜ್ಜಿ, ಒಗ್ಗರಣೆ ಮಂಡಕ್ಕಿ. ತರಾವೀಹ್‌ನಿಂದ ಗಂಡಸರು ಬಂದ ಮೇಲೆ ಪಾತ್ರೆ. ರಮಝಾನಿನಲ್ಲಿ ಗಂಡಸರ ಕೆಲಸದ ಹೊತ್ತು ಕಡಿಮೆಯಾಗಬೇಕೆಂದು ಬೇಡಿಕೆ ಇಡುವ ನಾವು ಒಂದು ತಿಂಗಳ ಮಟ್ಟಿಗೆ ಊಟದ ಬಗೆಗಳನ್ನು ಕಡಿಮೆ ಮಾಡಿದರೆ ಮನೆಯೊಳಗಿನ ಪಾಳಿಯೂ ಅಷ್ಟು ಹಗುರಾಗುತ್ತದೆ. ಅದಕ್ಕೆ ಯಾವ ಸರಕಾರದ ಆದೇಶವೂ ಬೇಕಿಲ್ಲ.

ಎಬ್ಬಿಸುವವರ ಚರಿತ್ರೆಯೂ ಇದೆ. ಮದೀನಾದಲ್ಲಿ ಬಿಲಾಲ್(ರ) ಫಜ್ರ್‌ಗೆ ಮುಂಚೆ ಒಂದು ಬಾಂಗ್ ಕೊಡುತ್ತಿದ್ದರು, ನಿದ್ದೆಯಲ್ಲಿರುವವರು ಏಳಲಿ, ನಮಾಝಿನಲ್ಲಿರುವವರು ಕೊಂಚ ವಿರಮಿಸಲಿ ಎಂದು. ಊಟ ನಿಲ್ಲಿಸಬೇಕಾದದ್ದು ಇಬ್ನ್ ಉಮ್ಮಿ ಮಕ್ತೂಮ್(ರ) ಅವರ ಎರಡನೇ ಬಾಂಗಿಗೆ. ಪ್ರವಾದಿವರ್ಯರ(ಸ) ಸಹ್ರಿಗೂ ಫಜ್ರ್‌ಗೂ ನಡುವಿನ ಅಂತರ 50 ಸೂಕ್ತ ಓದುವಷ್ಟು ಹೊತ್ತು ಎಂದು ಝೈದ್ ಬಿನ್ ಸಾಬಿತ್(ರ) ಹೇಳಿದ್ದಾರೆ. ಸಹ್ರಿ ತಡವಾದಷ್ಟೂ ನಿದ್ದೆ ಉದ್ದ. ನಮ್ಮಲ್ಲಿ ಮಾತ್ರ ಎರಡೂವರೆಗೇ ಊರನ್ನೆಲ್ಲ ಎಬ್ಬಿಸುವುದು ಪುಣ್ಯವೆಂದು ಯಾರೋ ತಿಳಿದರು. ದಫ್ ಬಡಿದು ಹಾಡುತ್ತ ಬರುತ್ತಿದ್ದ ಫಕೀರರ ಕಾಲದಲ್ಲಿ ಅದು ಒಂದು ಬೀದಿಯಿಂದ ಇನ್ನೊಂದಕ್ಕೆ ಸಾಗಿಹೋಗುವ ಸದ್ದು. ಧ್ವನಿವರ್ಧಕ ಬಂದ ಮೇಲೆ ಅದು ಎರಡನೇ ಪಾಳಿ ಮುಗಿಸಿ ಆಗತಾನೇ ಮಲಗಿದವನ, ಉಪವಾಸವಿಲ್ಲದ ನೆರೆಮನೆಯವನ, ಕೂಸಿನ ತಾಯಿಯ ನಿದ್ದೆಯನ್ನೂ ಕಿತ್ತುಕೊಂಡಿತು. 2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿದವು. 2021ರ ಮಾರ್ಚ್‌ನಲ್ಲಿ ಕರ್ನಾಟಕ ವಕ್ಫ್ ಮಂಡಳಿಯೇ ಮಸೀದಿಗಳಿಗೆ ಆ ಬಗ್ಗೆ ಸುತ್ತೋಲೆ ಕಳಿಸಿತು. ಅದನ್ನು ಕೆಲವರು ಅನ್ಯಾಯವೆಂದರು. ಪಾಳಿ ಕೆಲಸದವರನ್ನು ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತೆಂದು ನಮ್ಮ ಅನಿಸಿಕೆ. ಈಗ ಪ್ರತಿಯೊಬ್ಬರ ದಿಂಬಿನ ಪಕ್ಕದಲ್ಲೂ ಮೊಬೈಲ್ ಇದೆ.

ಅದೇ ಮೊಬೈಲು ನಿದ್ದೆಯ ಹೊಸ ಶತ್ರುವೂ ಹೌದು. ರಮಝಾನ್ ಮತ್ತು ನಿದ್ದೆಯ ಬಗ್ಗೆ ಹಲವು ವರ್ಷ ಸಂಶೋಧನೆ ನಡೆಸಿದ ಸೌದಿಯ ತಜ್ಞ ಅಹ್ಮದ್ ಬಾಹಮ್ಮಾಮ್ ಮತ್ತು ಅವರ ಸಂಗಡಿಗರು ಕಂಡುಕೊಂಡದ್ದು ಕುತೂಹಲದ್ದು. ಮಲಗುವ, ಏಳುವ ಹೊತ್ತನ್ನು ಕ್ರಮವಾಗಿಟ್ಟು ಪರೀಕ್ಷಿಸಿದಾಗ ಉಪವಾಸದಿಂದಲೇ ಹಗಲಿನ ತೂಕಡಿಕೆ ಹೆಚ್ಚುವುದು ಕಾಣಲಿಲ್ಲ. ಹೆಚ್ಚಿಸುವುದು ತಡರಾತ್ರಿಯವರೆಗಿನ ಎಚ್ಚರ, ಮುಂದೂಡಿದ ಮಲಗುವ ಹೊತ್ತು. ಬೆಳಗಿನವರೆಗೆ ಬಜಾರಿನಲ್ಲಿ ಕಳೆದು, ಸಹ್ರಿ ಉಂಡು, ಹಗಲೆಲ್ಲ ಮಲಗುವ ಸೌಕರ್ಯ ಇರುವವರ ರಮಝಾನ್ ಬೇರೆ, 6 ಗಂಟೆಗೆ ಗೇಟಿನಲ್ಲಿ ಹಾಜರಿ ಹಾಕುವವರ ರಮಝಾನ್ ಬೇರೆ. ತರಾವೀಹ್ ವಿಷಯದಲ್ಲೂ ಇದು ನೆನಪಿರಲಿ. ಪ್ರವಾದಿವರ್ಯರು(ಸ) ಕೆಲವು ರಾತ್ರಿ ಮಾತ್ರ ಜಮಾಅತ್ ನಡೆಸಿ, ಜನರಿಗೆ ಅದು ಕಡ್ಡಾಯದ ಹೊರೆಯಾದೀತೆಂಬ ಅಂಜಿಕೆಯಿಂದ ಮನೆಯಲ್ಲೇ ಉಳಿದರು. ಒಬ್ಬ ಇಮಾಮರ ಹಿಂದೆ ಎಲ್ಲರನ್ನೂ ಒಟ್ಟುಗೂಡಿಸಿದ್ದು ನಂತರ ಉಮರ್(ರ). ದುಡಿಯುವವರ ಮೊಹಲ್ಲಾದ ಇಮಾಮರು ಪಾರಾಯಣದ ಉದ್ದವನ್ನು ನಿರ್ಧರಿಸುವಾಗ ಹಿಂದಿನ ಸಾಲಿನಲ್ಲಿ ತೂಗುತ್ತಿರುವ ತಲೆಗಳನ್ನೂ ನೋಡಬಹುದು.

ಚಿತ್ತವಾಡ್ಗಿಯ ಸಕ್ಕರೆ ಕಾರ್ಖಾನೆ 2010ರ ದಶಕದಲ್ಲಿ ಬಾಗಿಲು ಹಾಕಿತು. 1960ರಲ್ಲಿ ಆರಂಭವಾಗಿ ಅಣೆಕಟ್ಟುಗಳ ಗೇಟು ತಯಾರಿಸುತ್ತಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸನ್ನು ಮುಚ್ಚಲು ಕೇಂದ್ರ ಸರಕಾರ 2015ರಲ್ಲಿ ನಿರ್ಧರಿಸಿತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಕಚೇರಿಗಳು ಬಂದವು. ರಮಝಾನ್ ಈಗ ಮತ್ತೆ ಕಬ್ಬು ಅರೆಯುವ ಕಾಲದೊಳಕ್ಕೆ ಸರಿದಿದೆ. 2030ರಲ್ಲಂತೂ ಒಂದೇ ವರ್ಷದಲ್ಲಿ ಎರಡು ಸಲ, ಜನವರಿಯಲ್ಲೊಮ್ಮೆ ಡಿಸೆಂಬರಿನಲ್ಲೊಮ್ಮೆ, ರಮಝಾನ್ ಆರಂಭವಾಗುತ್ತದೆ. 1934ರಲ್ಲಿ ಎತ್ತಿನ ಗಾಡಿಗಳಲ್ಲಿ ಚಿತ್ತವಾಡ್ಗಿಯ ಗೇಟಿಗೆ ಬರುತ್ತಿದ್ದ ಕಬ್ಬು ಕಾರ್ಖಾನೆ ಮುಚ್ಚಿದ ಮೇಲೆ ಲಾರಿ, ಟ್ರ್ಯಾಕ್ಟರುಗಳಲ್ಲಿ ದೂರದ ಕಾರ್ಖಾನೆಗಳಿಗೆ ಹೋಗತೊಡಗಿತು. ಆ ರಾತ್ರಿಗಳ ಪಾಳಿ ಈಗ ಸ್ಟಿಯರಿಂಗ್ ಹಿಡಿದವನದು.